ಕಾಫಿ ಮುಟ್ಟದ ಹೈದ

ಆಗ ನನಗೆ ಹತ್ತೊಂಬತ್ತು. ಅದಾಗಿ ಎಪ್ಪತ್ತು ವರ್ಷ ಆಯ್ತು. ಮೊನ್ನೆ ಮೊಮ್ಮಗನ ಹೆಂಡತಿ ಅಂಗಡಿಯಿಂದ ರಾಗಿ ಹಿಟ್ಟಿನ ಪ್ಯಾಕೆಟ್ ಒಂದು ತಂದು ಅಡುಗೆಮನೆಯಲ್ಲಿ ಕತ್ತರಿಸಿದಳು. ವಾಸನೆ ಜಗಲಿವರೆಗೂ ಬಂತು. ಏಲಕ್ಕಿ, ಬಾದಾಮಿ, ಏನೇನೋ ಬೆರೆಸಿದ್ದರು. ಆದರೂ ಅದರ ಅಡಿಯಲ್ಲಿ ಹುರಿದ ರಾಗಿಯ ವಾಸನೆ ಇತ್ತು... ಇನ್ನೇನು ಸೀದುಹೋಗುತ್ತೆ ಅನ್ನೋವಾಗ ಒಲೆಯಿಂದ ಇಳಿಸಿದಾಗ ಬರುತ್ತಲ್ಲ, ಅದು.

“ಅಜ್ಜಿ, ಕುಡೀತೀರಾ? ಕಾಫಿ ಬದ್ಲು ಇದು ಒಳ್ಳೇದಂತೆ” ಅಂದಳು.

ಕಾಫಿ ಬದಲು ಅಂದ ಕೂಡಲೇ ಆ ಹೈದ ನೆನಪಾದ. ಅವನ ಎದುರಿಗೆ ಆಗ ‘ನೀವು’ ಅಂತಿದ್ದೆ. ಈಗ ನನಗೆ ಎಂಬತ್ತೊಂಬತ್ತು. ‘ಅವನು’ ಅಂತಲೇ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಹ್ಯಾಂಡ್‌ಪೋಸ್ಟಿನಲ್ಲಿ ಕಾಫಿ ಹೋಟ್ಲು. ಹೋಟ್ಲು ಅಂದರೆ ದೊಡ್ಡದಾಗಿ ಅಂದುಕೊಳ್ಳಬೇಡಿ. ಹುಲ್ಲಿನ ಮಾಡು, ಮುಂದೆ ಎರಡು ಬೆಂಚು, ಹಿಂದೆ ಬಿದಿರು ತಡಿಕೆ, ತಡಿಕೆ ಆಚೆ ಒಲೆ. ರಸ್ತೆಗಳು ಕೂಡೋ ಊರು ಅದು, ಮೈಸೂರಿನ ಬಸ್ಸು, ಸರಗೂರಿನ ಬಸ್ಸು, ಕೋಟೆ ಬಸ್ಸು ಎಲ್ಲಾ ಅಲ್ಲೇ ನಿಲ್ಲೋವು. ಮಾನಂದವಾಡಿ ಕಡೆಯ ಮರದ ಲಾರಿಯವರು ಇಳಿದು ಚಾಯ ಕೇಳೋರು. ನನ್ನ ಅತ್ತೆ ಕಾಫಿನೇ ಕೊಟ್ಟು, “ಇದೇ ಚಾಯ, ಕುಡಿ” ಅನ್ನೋಳು. ಕುಡಿದು ಹೋಗೋರು.

ಹೋಟ್ಲು ಅತ್ತೆಯದೇ. ಮಾವ ತೀರಿಕೊಂಡಿದ್ದರು. ನನ್ನ ಗಂಡ ಕಾಡಿನಲ್ಲಿ ಮರ ಕಡಿಯೋ ಕೆಲಸಕ್ಕೆ ಹೋದರೆ ಎಷ್ಟೋ ದಿನಕ್ಕೊಮ್ಮೆ ಮನೆ ಕಾಣೋರು. ನಾವು ಯಾವ ಜಾತಿ ಅಂತ ಇಲ್ಲಿ ಬರೆಯೋದಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅಷ್ಟು ಸಾಕು. ಕೆಲವರು ನಮ್ಮ ಲೋಟದಲ್ಲೇ ಕುಡಿಯೋರು. ಕೆಲವರು ತಮ್ಮ ಲೋಟ ತಂದು ಹೊಯ್ಸಿಕೊಳ್ಳೋರು. ಉಳಿದವರು ರಸ್ತೆ ದಾಟಿ ಎದುರು ಹೋಟ್ಲಿಗೆ ಹೋಗೋರು. ಅದು ಸಾವ್ಕಾರನ ಹೋಟ್ಲು. ಹೆಂಚಿನ ಮನೆ, ಗಾಜಿನ ಭರಣಿಯಲ್ಲಿ ಚಕ್ಕುಲಿ, ಒಳಗೆ ಮಡಿ ಅಡುಗೆಯವನು. ನಮ್ಮಿಂದ ಅವನಿಗೆ ಏನೂ ನಷ್ಟ ಇರಲಿಲ್ಲ. ಆದರೂ ನಮ್ಮ ಬೆಂಚಿನಲ್ಲಿ ನಾಲ್ಕು ಜನ ಕೂತರೆ ಅವನಿಗೆ ಕಣ್ಣುರಿ.

ಆ ವರ್ಷ ನಾನು ಬಸುರಿ. ಹೋಟ್ಲು ನಡೆಯದಿದ್ದರೆ ಇಬ್ಬರೂ ಕೊಡಗಿನ ತೋಟಕ್ಕೆ ಕೂಲಿಗೆ ಹೋಗೋದು ಅಂತ ಅತ್ತೆ ಹೇಳಿಬಿಟ್ಟಿದ್ದಳು. ನನ್ನ ಅಕ್ಕ ಹಾಗೇ ಬಸುರಿಯಾಗಿ ತೋಟಕ್ಕೆ ಹೋದವಳು ಚಳಿಜ್ವರ ಬಂದು ಅಲ್ಲೇ ಮಣ್ಣಾಗಿದ್ದಳು. ಆದ್ದರಿಂದ ಬೆಂಚಿನ ಮೇಲೆ ಯಾರು ಕೂತರು, ಯಾರು ಎದ್ದು ಹೋದರು ಅನ್ನೋದು ನನಗೆ ಬರೀ ವ್ಯಾಪಾರ ಆಗಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಮೈಸೂರಿನ ಬಸ್ಸಿನಿಂದ ಇಬ್ಬರು ಬಿಳಿ ಹೈದರು ಇಳಿದರು. ಬಸ್ಸಿನ ಮೇಲಿಂದ ಎರಡು ಸೈಕಲ್ಲು ಇಳಿಸಿದರು. ಇಬ್ಬರಿಗೂ ಬಿಳಿ ಅಂಗಿ, ಕತ್ತಿಗೆ ಟೈ. ಕೋಟೆ ರಸ್ತೆಯಲ್ಲಿ ಮರದ ಕಂಟ್ರಾಕ್ಟರನ ಹಳೇ ಉಗ್ರಾಣ ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಹಿಡಿದಿದ್ದರು. ದೂರದ ದೇಶದವರಂತೆ, ಏಸುವಿನ ಮಾತು ಹೇಳೋಕೆ ಬಂದಿದ್ದಾರಂತೆ, ಎರಡು ವರ್ಷ ಊರಿಗೆ ಹೋಗೋ ಹಾಗಿಲ್ಲವಂತೆ, ಒಬ್ಬರನ್ನು ಬಿಟ್ಟು ಒಬ್ಬರು ಎಲ್ಲೂ ತಿರುಗೋ ಹಾಗಿಲ್ಲವಂತೆ. ಹೀಗೆ ಬಸ್ಸಿನ ಏಜೆಂಟರು ವಿಚಾರಿಸಿ ಎಲ್ಲರಿಗೂ ಹೇಳಿದರು. ಅವರಿಗೆ ಇಂಗ್ಲಿಷು ಬರುತ್ತಿತ್ತು. ಜನ ಆ ಇಬ್ಬರಿಗೆ ಜೋಡೆತ್ತು ಅಂತ ಹೆಸರಿಟ್ಟರು. ಅವರ ಮತದ ಹೆಸರು ಆಗಲೂ ನನ್ನ ನಾಲಿಗೆಗೆ ಹೊರಳಲಿಲ್ಲ, ಈಗಲೂ ಹೊರಳೋದಿಲ್ಲ.

ನಾನು ಹೇಳುತ್ತಿರೋದು ಅವರಲ್ಲಿ ಚಿಕ್ಕವನ ವಿಷಯ. ಇಪ್ಪತ್ತು ಇಪ್ಪತ್ತೊಂದು ಇರಬೇಕು. ಕಿವಿ ಅಗಲ, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ನಾನು ಬೆಳಗ್ಗೆ ನೀರಿಗೆ ಹೋಗುವಾಗ ಇಬ್ಬರೂ ಬಾವಿ ಹತ್ತಿರ ತಮ್ಮ ಅಂಗಿ ತಾವೇ ಒಗೆಯೋರು. ಗಂಡಸರು ಬಟ್ಟೆ ಒಗೆಯೋದನ್ನು ನೋಡೋಕೆ ಅಂತಲೇ ಹೆಂಗಸರು ಬೇಗ ನೀರಿಗೆ ಬರೋರು. ಆಮೇಲೆ ಇದ್ದಿಲು ಇಸ್ತ್ರಿ, ಮಂಡಿಯೂರಿ ಪ್ರಾರ್ಥನೆ, ಸೀದ ಅನ್ನ ಎರಡು ತುತ್ತು, ಸೈಕಲ್ಲು. ಹಳ್ಳಿಹಳ್ಳಿಗೆ ಹೋಗೋರು. ನಾಯಿ ಅಟ್ಟಿಸಿಕೊಂಡು ಬರೋದು, ಹಿಂದೆ ಮಕ್ಕಳು ಕೂಗೋರು. ಬಿಳಿ ಅಂಗಿ ಸಂಜೆ ಹೊತ್ತಿಗೆ ನಮ್ಮ ರಸ್ತೆಯ ಮಣ್ಣಿನ ಬಣ್ಣ. ಮಾರನೇ ಬೆಳಗ್ಗೆ ಮತ್ತೆ ಬಾವಿ.

ಯಾರೋ ಮುನ್ಷಿ ಕಲಿಸಿದ ಪುಸ್ತಕದ ಕನ್ನಡ ಅವನದು. ಎಲ್ಲರನ್ನೂ ಸಹೋದರ, ಸಹೋದರಿ ಅನ್ನೋನು. ಎದುರು ಹೋಟ್ಲು ಸಾವ್ಕಾರನನ್ನೂ ಸಹೋದರ ಅಂದ. ಸಾವ್ಕಾರ ಸುತ್ತಲಿದ್ದವರ ಮುಖ ನೋಡಿ, “ನಮ್ಮಪ್ಪ ಯಾವಾಗ ಬಿಳಿಯೋರ ಸೀಮೆಗೆ ಹೋಗಿದ್ನೋ ಕಾಣೆ ಕಣ್ರಪ್ಪ” ಅಂದ. ಜನ ನಕ್ಕರು. ಹೈದನೂ ನಕ್ಕ. ಅವನಿಗೆ ಅರ್ಥ ಆಗಿರಲಿಲ್ಲ.

ಅವನ ಮಾತಿಗೆ ನಮ್ಮ ಕಡೆ ಒಬ್ಬರೂ ಮತ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ. ಕೇಳೋರು, ಒಳ್ಳೇದು ಅನ್ನೋರು, ಎದ್ದು ದನಕ್ಕೆ ಹುಲ್ಲು ಹಾಕೋಕೆ ಹೋಗೋರು.

ಎಡವಟ್ಟಾದದ್ದು ಅವರು ಬಂದ ವಾರದಲ್ಲೇ. ಸರಗೂರು ಸಂತೆ ದಿನ, ಬೆಂಚು ತುಂಬಾ ಜನ. ಜೋಡೆತ್ತು ಸೈಕಲ್ಲು ತಳ್ಳಿಕೊಂಡು ಬಂದರು. ದೊರೆಗಳು ಬಾಗಿಲಿಗೆ ಬಂದರು ಅಂತ ಅತ್ತೆಗೆ ಹಿಗ್ಗು. ಹೊಸ ಲೋಟ ತೊಳೆದು, ಗಟ್ಟಿ ಹಾಲು ಹಾಕಿ, ನೊರೆ ಬರೋ ಹಾಗೆ ಎತ್ತಿ ಹೊಯ್ದು ಬೆಲ್ಲದ ಕಾಫಿ ತಂದು ಚಿಕ್ಕವನ ಮುಂದೆ ಹಿಡಿದಳು. ಅವನು ಕೈ ಜೋಡಿಸಿ, “ಕ್ಷಮಿಸಬೇಕು ತಾಯಿ, ನಾನು ಇದನ್ನು ಸೇವಿಸುವುದಿಲ್ಲ” ಅಂದ. ಇನ್ನೊಬ್ಬನೂ ತಲೆ ಅಲ್ಲಾಡಿಸಿದ.

ಬೆಂಚಿನವರೆಲ್ಲ ತಿರುಗಿ ನೋಡಿದರು. ಅವರ ಮತದಲ್ಲಿ ಕಾಫಿ, ಟೀ, ಹೊಗೆಸೊಪ್ಪು, ಹೆಂಡ ಯಾವುದನ್ನೂ ಮುಟ್ಟಬಾರದು ಅನ್ನೋ ಕಟ್ಟಳೆ ಇತ್ತಂತೆ. ನಮಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಕೊಟ್ಟ ಲೋಟವನ್ನು ಬೇಡ ಅಂದರೆ ಒಂದೇ ಅರ್ಥ. ಕೊಟ್ಟ ಕೈಯಿಂದ ತಗೊಳ್ಳೋ ಹಾಗಿಲ್ಲ ಅಂತ.

ಸಾವ್ಕಾರ ರಸ್ತೆ ಆಚೆಯಿಂದಲೇ ಕೂಗಿದ: “ದನ ತಿನ್ನೋ ಜಾತಿಯೋರೂ ನಿನ್ ಕೈ ಕಾಫಿ ಒಲ್ಲೆ ಅಂದ್ರಲ್ಲವ್ವಾ! ಇನ್ ನಮ್ಮೋರ್ ಕುಡೀಬೋದಾ ಹೇಳು!”

ಅತ್ತೆ ಆ ಲೋಟದ ಕಾಫಿನ ತಾನೇ ಕುಡಿದು ಲೋಟ ಬೋರಲು ಹಾಕಿದಳು. ಆದರೆ ಮಾತು ಬಸ್ಸು ಹತ್ತಿ ಊರೂರಿಗೆ ಹೋಯಿತು. ನಮ್ಮ ಲೋಟದಲ್ಲಿ ಕುಡಿಯುತ್ತಿದ್ದವರು ಮನೆಯಿಂದ ಲೋಟ ತರೋಕೆ ಶುರು ಮಾಡಿದರು. ಲೋಟ ತರುತ್ತಿದ್ದವರು ರಸ್ತೆ ದಾಟಿದರು. ಉಳಿದವರು ಲಾರಿಯವರು ಮಾತ್ರ. ಮತ ಅಂದರೆ ಹೀಗೂ ಇರುತ್ತೆ ಅಂತ ಏಜೆಂಟರು ಹೇಳಿದರೂ ಯಾರೂ ನಂಬಲಿಲ್ಲ. “ಕಾಫಿ ಬುಡೋದೂ ಒಂದು ಮತವಾ ಏಜೆಂಟ್ರೆ?” ಅಂತ ಅವರನ್ನೇ ಕೇಳಿದರು. ಸಂಜೆ ಮಿಕ್ಕ ಹಾಲನ್ನು ಹೆಪ್ಪು ಹಾಕಿ ಹಾಕಿ, ನಾವು ಮೂರು ಹೊತ್ತೂ ಮೊಸರನ್ನೇ ತಿಂದೆವು. ಅತ್ತೆ ಕೂಲಿಯವರನ್ನು ತೋಟಕ್ಕೆ ಕರಕೊಂಡು ಹೋಗೋ ಕೊಡಗಿನ ಮೇಸ್ತ್ರಿ ಯಾವಾಗ ಬರುತ್ತಾನೆ ಅಂತ ವಿಚಾರಿಸೋಕೆ ಶುರು ಮಾಡಿದಳು.

ಒಂದು ಬೆಳಗ್ಗೆ ನಾನು ಬಾವಿ ಹತ್ತಿರ ಅವನ ಎದುರಿಗೇ ಕೊಡ ಕುಕ್ಕಿದೆ. “ನೀವು ಬ್ಯಾಡ ಅಂದಿದ್ಕೆ ನಮ್ ಒಲೆ ಆರ್ತಾ ಅದೆ ಕಣ್ರೀ. ನಾನು ಬಸ್ರಿ. ತೋಟಕ್ಕೆ ಹೋಗ್ಬೇಕು ಈಗ. ಒಂದ್ ಲೋಟ ಕುಡುದ್ರೆ ನಿಮ್ ದೇವ್ರು ಏನು ಮುರ್ಕೊಂಡು ಬೀಳ್ತಿದ್ನಾ?” ಅಂದೆ. ಎಷ್ಟು ಅರ್ಥ ಆಯಿತೋ ಗೊತ್ತಿಲ್ಲ. ಸೋಪು ಹಚ್ಚಿದ ಅಂಗಿ ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಏಜೆಂಟರ ಹತ್ತಿರ ಹೋಗಿ ಪೂರ್ತಿ ಕೇಳಿ ತಿಳಿದುಕೊಂಡನಂತೆ.

ಅದೇ ದಿನ ಬಸ್ಸುಗಳು ಬರೋ ಹೊತ್ತಿಗೆ ಇಬ್ಬರೂ ಬಂದರು. ಚಿಕ್ಕವನು ಮುಂದಿನ ಬೆಂಚಿನ ನಡುವೆ, ಎಲ್ಲರಿಗೂ ಕಾಣೋ ಹಾಗೆ ಕೂತ. “ತಾಯಿ, ಕಾಫಿಯ ಹೊರತು ನಿಮ್ಮ ಕೈಯಿಂದ ಏನು ಕೊಟ್ಟರೂ ಕುಡಿಯುವೆನು” ಅಂದ. ಮೆಲ್ಲಗೆ ಅಂದ, ಅತ್ತೆಗೂ ನನಗೂ ಮಾತ್ರ ಕೇಳಿಸಿತು.

ಅತ್ತೆ ತಡಿಕೆ ಹಿಂದೆ ಬಂದಳು. ಏನೂ ಇರಲಿಲ್ಲ. ನನಗೆ ಅಂತ ಮಾಡಿಟ್ಟ ಹುರಿಟ್ಟು ಮಡಕೆಯಲ್ಲಿತ್ತು. ರಾಗಿ ಅರಳು ಹುರಿದು ಬೀಸಿದ ಹಿಟ್ಟು. ಅದನ್ನು ಬಸುರಿಯರಿಗೆ, ಬಾಣಂತಿಯರಿಗೆ, ಹಲ್ಲಿಲ್ಲದವರಿಗೆ ಕೊಡೋದು. ಹೋಟ್ಲಿನಲ್ಲಿ ಅದನ್ನು ಯಾರೂ ಮಾರಿದ್ದಿಲ್ಲ. ಬಿಸಿ ಹಾಲಿಗೆ ಬೆಲ್ಲ ಹಾಕಿ ಆ ಹಿಟ್ಟು ಕದಡಿದಳು. ಕಾಫಿ ಲೋಟಕ್ಕೆ ಕಾಫಿ ಹೊಯ್ಯೋ ಹಾಗೇ ಎತ್ತಿ ಹೊಯ್ದಳು. ಬಣ್ಣ ಅದೇ. ನೊರೆ ಅದೇ.

ಹೈದ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಮೇಲ್ದುಟಿಗೆ ನೊರೆ ಹತ್ತಿತ್ತು. ಇನ್ನೊಂದು ಲೋಟ ಕೇಳಿದ. ಅದು ನಮಗಾಗಿ ಕೇಳಿದ್ದಲ್ಲ, ಹಸಿವಿಗೇ ಕೇಳಿದ್ದು. ಸೀದ ಅನ್ನ ತಿನ್ನೋನಿಗೆ ಎಲ್ಲಿ ಹೊಟ್ಟೆ ತುಂಬಬೇಕು.

“ಕುಡುದ್ನಲ್ಲೋ!” ಅಂದರು ಯಾರೋ. “ಕುಡುದ ಕಣ್ಲಾ, ಅದೂ ಎರಡು!” ಅಂದರು ಇನ್ನೊಬ್ಬರು. ಅತ್ತೆಯನ್ನು ಕೇಳಿದ್ದಕ್ಕೆ, “ನಿಮ್ಗೇ ಕಣ್ಣದಲ್ಲ” ಅಂದಳು. ಕಾಫಿ ಅಂತ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಾನೂ ಸುಮ್ಮನಿದ್ದೆ. ಒಲೆ ಉರಿಯಬೇಕಿತ್ತು, ಅಷ್ಟೆ.

ಅವತ್ತಿನಿಂದ ದಿನಾ ಬಂದ. ಹಳ್ಳಿಗೆ ಹೋಗುವಾಗ ಒಂದು ಲೋಟ, ಬರುವಾಗ ಒಂದು. ಜೊತೆಯವನೂ ಕುಡಿಯೋನು. ಬೆಂಚು ಮತ್ತೆ ತುಂಬಿತು. ದೊರೆ ಕಾಫಿ ಕುಡಿಯೋ ಹೋಟ್ಲು ಅಂತ ಬಸ್ಸಿನವರೇ ಹೇಳಿ ಜನ ಕಳಿಸೋರು. ಜನ ಏನು ಅಂದುಕೊಂಡಿದ್ದಾರೆ ಅಂತ ಹೈದನಿಗೆ ಗೊತ್ತಿರಲಿಲ್ಲ. ನಮ್ಮ ಮಾತಿನ ಓಟ ಅವನ ಕಿವಿಗೆ ಇನ್ನೂ ಸಿಕ್ಕುತ್ತಿರಲಿಲ್ಲ.

ಆ ದಿನಗಳು ಚೆನ್ನಾಗಿದ್ದವು. ನಾನು ಹೊಟ್ಟೆ ಹೊತ್ತು ಕೊಡ ಎತ್ತೋದು ನೋಡಿ ಕೊಡ ತಾನೇ ಹೊರುತ್ತಿದ್ದ. ಟೈ ಕಟ್ಟಿಕೊಂಡು ಹೆಗಲ ಮೇಲೆ ಕೊಡ. ಹೆಂಗಸರು ಬಿದ್ದುಬಿದ್ದು ನಗೋರು. ಅವನಿಗೆ ನಾಚಿಕೆಯೇ ಇರಲಿಲ್ಲ. ಸೌದೆ ಒಡೆದುಕೊಟ್ಟ, ಮಾಡಿಗೆ ಹುಲ್ಲು ಹೊದಿಸಿದ. ಅವರ ಮನೆಯಲ್ಲೂ ಹಸು ಇದ್ದವಂತೆ, ತಾಯಿ ಹಾಲು ಕರೆಯೋಳಂತೆ. ಅದನ್ನು ಹೇಳುವಾಗ ಮಾತು ಅರ್ಧಕ್ಕೆ ಬಿಟ್ಟು ರಸ್ತೆ ಕಡೆ ನೋಡೋನು... ಅತ್ತೆ ಕೇಳದೇ ಇನ್ನೊಂದು ಲೋಟ ಹೊಯ್ದು ಇಡೋಳು. ಜೊತೆಯವನು ಚಳಿಜ್ವರದಲ್ಲಿ ಮಲಗಿದಾಗ ಹುರಿಟ್ಟೇ ಅವನ ಜೀವ ಹಿಡಿದದ್ದು. ಹಿಟ್ಟು ಬೀಸುತ್ತಿದ್ದದ್ದು ನಾನು. ನನ್ನ ರಟ್ಟೆ ಸೋತುಹೋಗೋದು. ಆದರೂ ಆ ಕೆಲಸಕ್ಕೆ ಗೊಣಗಿದ ನೆನಪಿಲ್ಲ.

ನನಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಅವರ ಹಿರಿಯ ದೊರೆ ಒಬ್ಬರು, ಇಂಥ ಹೈದರನ್ನೆಲ್ಲ ನೋಡಿಕೊಳ್ಳೋರು, ದೂರದಿಂದ ಬಂದು ಬಸ್ಸಿನಿಂದ ಇಳಿದರು. ನರೆತ ಕೂದಲು, ಕನ್ನಡಕ. ಇಬ್ಬರು ಹೈದರೂ ಅವರನ್ನು ನಮ್ಮ ಹೋಟ್ಲಿಗೆ ಕರಕೊಂಡು ಬಂದರು. ಚಿಕ್ಕವನು ಅತ್ತೆಯನ್ನು ತೋರಿಸಿ ಏನೋ ಸಂತೋಷವಾಗಿ ಹೇಳುತ್ತಿದ್ದ. ಅಷ್ಟರಲ್ಲಿ ಸಾವ್ಕಾರ ರಸ್ತೆ ದಾಟಿ ಬಂದ. ಅವನು ನಮ್ಮ ಕಡೆ ಹಾಗೆ ಬಂದದ್ದು ಅದೇ ಮೊದಲು. ಕಾಫಿ ಆ ಮತದಲ್ಲಿ ಕೂಡದು ಅಂತ ಅವನಿಗೆ ಅಷ್ಟು ಹೊತ್ತಿಗೆ ಗೊತ್ತಿತ್ತು.

“ಏಜೆಂಟ್ರೆ, ಹೇಳಿ ದೊಡ್ ದೊರೆಗೆ. ಇವ್ರ ಹೈದ ಇಲ್ಲಿ ದಿನಾ ಕಾಫಿ ಕುಡೀತಾನೆ ಅನ್ನಿ. ಬೇಕಾದ್ರೆ ಕುಂತಿರೋರ್ನ ಕೇಳ್ಲಿ” ಅಂದ.

ಬೆಂಚಿನವರಿಗೆ ಇದು ದೂರು ಅಂತ ಹೊಳೆಯಲೇ ಇಲ್ಲ. ಹೆಮ್ಮೆಯಿಂದ, “ಊ ಬುದ್ಧಿ, ದಿನಕ್ಕೆರಡು ಲೋಟ! ನಾವೇ ಕಣ್ಣಾರೆ ಕಂಡಿದೀವಿ” ಅಂದರು. ಏಜೆಂಟರು ಬೇರೆ ದಾರಿ ಇಲ್ಲದೆ ಹೇಳಿದರು.

ದೊಡ್ಡ ದೊರೆ ಮುಖ ಬಿಗಿಯಾಯಿತು. ಹೈದನನ್ನು ಒಂದು ಮಾತು ಕೇಳಿದರು. ಅವನು ಇಲ್ಲ ಅಂದ, ಜೊತೆಯವನೂ ಇಲ್ಲ ಅಂದ. ಬೆಂಚಿನ ಅಷ್ಟೂ ಜನ ಹೌದು ಅನ್ನುವಾಗ ಇಬ್ಬರ ಇಲ್ಲ ಯಾವ ಲೆಕ್ಕ? ನೇಮ ಮುರಿದಿದ್ದರೆ ಇವನನ್ನು ಊರಿಗೆ ವಾಪಸ್ ಅಟ್ಟುತ್ತಾರಂತೆ, ಅವನ ತಾಯಿ ತಂದೆಗೂ ಸಭೆಯಲ್ಲಿ ತಲೆ ಎತ್ತೋಕಾಗಲ್ಲವಂತೆ ಅಂತ ಏಜೆಂಟರು ಅತ್ತೆಯ ಕಿವಿಯಲ್ಲಿ ಹೇಳಿದರು. ಆಮೇಲೆ ದೊಡ್ಡ ದೊರೆ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರು: “ಅಮ್ಮ, ಈ ಹುಡುಗ ನಿಮ್ಮಲ್ಲಿ ದಿನಾ ಕುಡೀತಿದ್ದದ್ದು ಏನು ಅಂತ ಕೇಳ್ತಾ ಇದಾರೆ.”

ಹೈದ ಬೆಂಚಿನವರನ್ನು ನೋಡಿದ, ಅತ್ತೆಯನ್ನು ನೋಡಿದ. ಇಷ್ಟು ದಿನ ನಡೆದದ್ದು ಏನು ಅಂತ ಅವನಿಗೆ ಆಗ ತಿಳಿಯಿತು. ಅವನ ಕಿವಿ ಕೆಂಪಗಾಯಿತು. ಬೈಯುತ್ತಾನೆ ಅಂದುಕೊಂಡೆ. ಅವನು ಅಂದದ್ದು ಇಷ್ಟೇ: “ತಾಯಿ, ನೀವು ಏನೂ ಹೇಳಬೇಕಾಗಿಲ್ಲ.”

ಅವನಿಗೆ ನಮ್ಮ ಒಲೆಯ ಚಿಂತೆ. ತನ್ನ ಮೇಲೆ ಇಂಥದ್ದು ಬಂದಿರುವಾಗ.

ಅತ್ತೆ ನನ್ನ ಹೊಟ್ಟೆ ಕಡೆ ಒಂದು ಸಲ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ತಡಿಕೆ ಹಿಂದೆ ಹೋಗಿ ಹುರಿಟ್ಟಿನ ಮಡಕೆ ತಂದು ಬೆಂಚಿನ ಮೇಲೆ, ಎಲ್ಲರ ಮುಂದೆ ಇಟ್ಟಳು.

“ರಾಗಿ ಕಣಪ್ಪ. ಬಾಣಂತಿಗೆ ಕೊಡೋ ಹುರಿಟ್ಟು. ನನ್ ಕಾಫಿನ ಈ ಹೈದ ಒಂದಿನ ಮೂಸೂ ನೋಡಿಲ್ಲ. ಕಾಫಿ ಅಂತ ಜನ ತಿಳ್ಕೊಂಡ್ರು, ನಾನು ತಿಳ್ಕೊಳ್ಳಿ ಅಂತ ಸುಮ್ಕಿದ್ದೆ. ಅವನ್ದೇನೂ ಇಲ್ಲ” ಅಂದಳು.

ಸಾವ್ಕಾರ ಚಪ್ಪಾಳೆ ತಟ್ಟಿ ನಕ್ಕ. “ಆಹಾ! ಬಾಣಂತಿ ಹಿಟ್ಟು ಕುಡ್ಸಿ ದೊರೆ ಕಾಫಿ ಅಂದ್ಯಲ್ಲವ್ವ! ಅಂಗಾದ್ರೆ ಮೊದ್ಲಿಂದ ನಾನ್ ಹೇಳಿದ್ದೇ ಸರಿ. ನಿನ್ ಕಾಫಿ ಮುಟ್ನಿಲ್ಲ ತಾನೆ ಅವನು?”

ಅತ್ತೆ ಅವನ ಕಡೆ ತಿರುಗಿದಳು. ಅವಳು ಅವನಿಗೆ ಉತ್ತರ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಊ ಕಣಪ್ಪ, ಮುಟ್ನಿಲ್ಲ. ಅವನು ಬ್ಯಾಡ ಅಂದಿದ್ದು ಕಾಫಿಯ. ನನ್ ಕೈಯ ಅಲ್ಲ. ಈ ಕೈಯಿಂದ ದಿನಾ ಎರಡೊತ್ತು ಇಸ್ಕೊಂಡು ಕುಡುದವ್ನೆ. ನಿನ್ ಹೋಟ್ಲು ಕಾಫಿನೂ ಅವನು ಮುಟ್ಟಕಿಲ್ಲ, ಕರುದು ನೋಡು.”

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅತ್ತೆ ಅಲ್ಲೇ, ಎಲ್ಲರ ಕಣ್ಣೆದುರಿಗೆ, ಹಾಲು ಬಿಸಿ ಮಾಡಿ ಹಿಟ್ಟು ಕದಡಿ ದೊಡ್ಡ ದೊರೆಗೆ ಕೊಟ್ಟಳು. ಅವರು ಮೂಸಿದರು. ಸ್ವಲ್ಪ ಕುಡಿದರು. ಆಮೇಲೆ ಪೂರ್ತಿ ಕುಡಿದು, ಲೋಟದ ತಳದಲ್ಲಿ ಉಳಿದ ಹಿಟ್ಟನ್ನು ನೋಡಿ ಅಲ್ಲಾಡಿಸಿ ಅದನ್ನೂ ಕುಡಿದರು. ಹೈದನ ಹೆಗಲ ಮೇಲೆ ಕೈ ಇಟ್ಟರು. ಹೈದ ಮುಖ ಆಚೆ ತಿರುಗಿಸಿ ಸೈಕಲ್ಲಿನ ಗಂಟೆ ಒರೆಸುತ್ತಾ ನಿಂತ.

ಅವನು ಉಳಿದ. ನಮ್ಮ ಬೆಂಚು ಮಾತ್ರ ಖಾಲಿ ಆಯಿತು. ಮೋಸ ಹೋದೆವು ಅಂತ ಜನಕ್ಕೆ ಸಿಟ್ಟು. ಅತ್ತೆ ಪಾತ್ರೆ ಗಂಟು ಕಟ್ಟೋಕೆ ಶುರು ಮಾಡಿದಳು. ಹೈದ ಮಾತ್ರ ಬರೋದು ಬಿಡಲಿಲ್ಲ. ಖಾಲಿ ಬೆಂಚಿನಲ್ಲಿ ಕೂತು ಕುಡಿಯೋನು. ಹಾಗೆ ಒಂದು ದಿನ ಲಾರಿಯವನೊಬ್ಬ ಅವನ ಲೋಟ ತೋರಿಸಿ, “ಉಮ್ಮಾ, ಅದು ಕೊಡು” ಅಂದ. ಆಮೇಲೆ ಎದೆ ಉರಿ ಬಂದು ಕಾಫಿ ಒಗ್ಗದ ಒಬ್ಬ ಮುದುಕಪ್ಪ ಬಂದ. ಆಮೇಲೆ ಬಸ್ಸಿನಲ್ಲಿ ಕೂಸು ಎತ್ತಿಕೊಂಡು ಬರೋ ಹೆಂಗಸರು. ಅವರಿಗೆ ಕಾಫಿಗಿಂತ ಇದೇ ಬೇಕಿತ್ತು. ಇದು ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಕೈಯ ಮಾತು ಎತ್ತಿದವರಿಗೆ ಬೆಂಚಿನವರೇ ಅತ್ತೆಯ ಮಾತು ಹೇಳೋರು: ಬ್ಯಾಡ ಅಂದಿದ್ದು ಕಾಫಿಯ, ಕೈಯ ಅಲ್ಲ. ಎಲ್ಲರೂ ಒಪ್ಪಿದರು ಅಂತ ಹೇಳೋದಿಲ್ಲ. ರಸ್ತೆ ದಾಟೋರು ದಾಟುತ್ತಲೇ ಇದ್ದರು. ಆದರೆ ಬಂದವರು ಸಾಕಾಯಿತು. ಕೊಡಗಿನ ಮೇಸ್ತ್ರಿ ಬಂದಾಗ ಅತ್ತೆ ಅವನಿಗೂ ಒಂದು ಲೋಟ ಕುಡಿಸಿ ಬರೀ ಕೈಯಲ್ಲಿ ಕಳಿಸಿದಳು. ನನ್ನ ಮಗ ಹುಟ್ಟಿದ್ದು ಆ ತಡಿಕೆ ಹಿಂದೆ, ತೋಟದ ಕೂಲಿ ಲೈನಿನ ಮನೆಯಲ್ಲಲ್ಲ. ಈಗ ಅವನಿಗೇ ಮೊಮ್ಮಕ್ಕಳು.

ಎರಡು ವರ್ಷ ತುಂಬಿ ಹೈದ ಹೊರಟಾಗ ಅತ್ತೆ ಒಂದು ಬಟ್ಟೆಯಲ್ಲಿ ಹುರಿಟ್ಟು ಕಟ್ಟಿಕೊಟ್ಟಳು. ಅಷ್ಟು ಹೊತ್ತಿಗೆ ಅವನ ಪುಸ್ತಕದ ಕನ್ನಡ ಹೋಗಿ ನಮ್ಮ ಕನ್ನಡ ಬಂದಿತ್ತು. ಬಸ್ಸಿನ ಕಿಟಕಿಯಿಂದ, “ಹೋಗ್‌ಬತ್ತೀನಿ ಕಣವ್ವ” ಅಂದ. ನನ್ನ ಕಡೆ ತಿರುಗಿ, “ಬತ್ತೀನಿ ಕಣಕ್ಕ” ಅಂದ. “ಬಾಪ್ಪ” ಅಂದಳು ಅತ್ತೆ. ಬರೋದಿಲ್ಲ ಅಂತ ಮೂವರಿಗೂ ಗೊತ್ತಿತ್ತು. ಸೈಕಲ್ಲು ಬಸ್ಸಿನ ಮೇಲಿತ್ತು... ಧೂಳು ಎದ್ದಿತು. ನಾವು ಒಳಗೆ ಬಂದು ಲೋಟ ತೊಳೆದೆವು.

ಬರಲಿಲ್ಲ. ಸುದ್ದಿಯೂ ಇಲ್ಲ. ಅವನ ಮತ ಅವನ ಹತ್ತಿರವೇ ಇತ್ತು, ನಮ್ಮದು ನಮ್ಮ ಹತ್ತಿರ. ಅವನಿಂದ ನಮಗೆ ಸಿಕ್ಕಿದ್ದು ಒಲೆ ಉರಿಯಿತು ಅನ್ನೋದು ಒಂದೇ. ಅದು ಸಣ್ಣದಲ್ಲ. ಅತ್ತೆ ಹೋಗಿ ಕಾಲವಾಯಿತು. ಹೋಟ್ಲು ಇದ್ದ ಜಾಗ ರಸ್ತೆಗೆ ಹೋಯಿತು. ಅವನು ಇದ್ದರೆ ತೊಂಬತ್ತು ದಾಟಿರಬೇಕು. ಇರಲಾರ ಅಂತಲೇ ನನಗೆ ಅನ್ನಿಸುತ್ತೆ. ಇಂಥ ಹೈದ ಇದ್ದ ಅಂತ ಹೇಳಿದರೆ ಹೌದು ಅನ್ನೋಕೆ ಈಗ ಹ್ಯಾಂಡ್‌ಪೋಸ್ಟಿನಲ್ಲಿ ನನ್ನ ಬಿಟ್ಟು ಯಾರೂ ಉಳಿದಿಲ್ಲ.

ಮೊಮ್ಮಗನ ಹೆಂಡತಿ ಕೊಟ್ಟದ್ದನ್ನು ಒಂದು ಗುಟುಕು ಕುಡಿದೆ. ಹುರಿದದ್ದು ಸಾಲದು. ಸಂಜೆ ಒಂದು ಸೇರು ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟೆ.

ಮಾರನೇ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಾಣಲೆ ಕಾಯಿಸಿ ರಾಗಿ ಹುರಿದೆ. ಅರಳು ಬಿಳಿಯಾಗಿ ಎದ್ದವು. ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಹಾಲು ಕಾಯಿಸಿ ಬೆಲ್ಲ ಹಾಕಿ ಕದಡಿ ಎರಡು ಲೋಟಕ್ಕೆ ಎತ್ತಿ ಹೊಯ್ದೆ. ಒಂದು ಕುಡಿದೆ. ಇನ್ನೊಂದು ಆರುತ್ತಾ ಇತ್ತು. ಅದನ್ನೂ ನಾನೇ ಕುಡಿದೆ.